‘ಮ್ಯಾಂಗೋ’ ಎಂಬ ಪದದ ಪಯಣ

ಮಕ್ಕಳೇ, ಇಂಗ್ಲಿಷಿನಲ್ಲಿ ನೀವು ಮೊದಮೊದಲು ಕಲಿತ ಹಣ್ಣುಗಳ ಹೆಸರುಗಳಲ್ಲಿ ‘ಮ್ಯಾಂಗೋ’ ಕೂಡ ಇರಬಹುದು. ಮ್ಯಾಂಗೋ ಎಂದರೆ ಮಾವು. ಇದು ನಿಮಗೆ ಗೊತ್ತು. ಆದರೆ ಈ ಪದ ಇಂಗ್ಲಿಷಿಗೆ ಎಲ್ಲಿಂದ ಬಂತು, ಬಲ್ಲಿರಾ?

ಇಂಗ್ಲೆಂಡ್ ಚಳಿಯ ನಾಡು. ಅಲ್ಲಿ ಮಾವಿನ ತೋಪುಗಳಿಲ್ಲ. ಮರವೇ ಇಲ್ಲದ ಮೇಲೆ ಹಣ್ಣಿಗೆ ಹೆಸರೆಲ್ಲಿಂದ ಬರಬೇಕು? ಮಲಯಾಳದಲ್ಲಿ ಮಾವಿನಕಾಯಿಗೆ ‘ಮಾಙ್ಙ’ ಎನ್ನುತ್ತಾರೆ. ತಮಿಳಿನಲ್ಲಿ ಅದು ‘ಮಾಂಗಾಯ್’. ನಮ್ಮ ‘ಮಾವಿನಕಾಯಿ’ಯೂ ಇದೇ ಕುಟುಂಬದ್ದು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಬಂದಿಳಿದನು. ಅನಂತರ ಕರಿಮೆಣಸಿನ ವ್ಯಾಪಾರಕ್ಕಾಗಿ ಪೋರ್ಚುಗೀಸರು ಮತ್ತೆ ಮತ್ತೆ ಬಂದರು. ಅವರ ಬಾಯಲ್ಲಿ ಈ ಪದ ‘ಮಾಂಗ’ ಆಯಿತು. ಇಂಗ್ಲಿಷರ ಬಾಯಲ್ಲಿ ‘ಮ್ಯಾಂಗೋ’ ಆಯಿತು.

ಮುಂದಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಆ ಕಾಲದ ಹಾಯಿಹಡಗು ಇಂಗ್ಲೆಂಡನ್ನು ಸೇರಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಹಣ್ಣು ಅಷ್ಟು ದಿನ ಉಳಿದೀತೇ? ಆದ್ದರಿಂದ ಅಲ್ಲಿಗೆ ಹೋದದ್ದು ಉಪ್ಪಿನಕಾಯಿ. ನನ್ನ ಅಜ್ಜಿಯೂ ಭರಣಿಯಲ್ಲಿ ಉಪ್ಪುನೀರು ತುಂಬಿ ಮಾವಿನಕಾಯಿ ಹಾಕಿಡುತ್ತಿದ್ದರು. ಮಳೆಗಾಲದಲ್ಲಿ ಗಂಜಿಯೊಂದಿಗೆ ಅದನ್ನು ನಂಜಿಕೊಳ್ಳುತ್ತಿದ್ದೆವು. ನಾವು ಹಣ್ಣನ್ನೂ ಕಂಡವರು, ಉಪ್ಪಿನಕಾಯಿಯನ್ನೂ ಕಂಡವರು. ಇಂಗ್ಲೆಂಡಿನ ಜನರು ಕಂಡದ್ದು ಉಪ್ಪಿನಕಾಯಿಯನ್ನು ಮಾತ್ರ. ಹಾಗಾಗಿ ಅವರಿಗೆ ಮ್ಯಾಂಗೋ ಎಂದರೆ ಉಪ್ಪಿನಕಾಯಿ ಎಂಬ ಅರ್ಥವೇ ಬಂದುಬಿಟ್ಟಿತು! ಸೌತೆಕಾಯಿಯನ್ನು ಉಪ್ಪಿನಲ್ಲಿ ಹಾಕಿದರೂ ಅದು ‘ಮ್ಯಾಂಗೋ’. ಅಮೆರಿಕದ ಕೆಲವೆಡೆ ದೊಣ್ಣೆಮೆಣಸಿಗೂ ಅದೇ ಹೆಸರು ಬಂತು. ಅದರೊಳಗೆ ಮಸಾಲೆ ತುಂಬಿ ಉಪ್ಪಿನಕಾಯಿ ಹಾಕುತ್ತಿದ್ದುದೇ ಇದಕ್ಕೆ ಕಾರಣ.

ಹಲಸಿಗೆ ಇಂಗ್ಲಿಷಿನಲ್ಲಿರುವ ‘ಜ್ಯಾಕ್’ ಎಂಬ ಹೆಸರು ಮಲಯಾಳದ ‘ಚಕ್ಕ’ದಿಂದ ಬಂದಿದೆ. ತೇಗಕ್ಕೆ ‘ಟೀಕ್’ ಎಂಬ ಹೆಸರು ‘ತೇಕ್’ ಎಂಬುದರಿಂದ ಬಂದಿದೆ. ಇವೆರಡೂ ಪೋರ್ಚುಗೀಸರ ಮೂಲಕವೇ ಹೋದವು.

ಮಕ್ಕಳೇ, ಇದನ್ನೆಲ್ಲ ನಿಮಗೆ ಹೇಳಲು ಒಂದು ಕಾರಣವಿದೆ. ಮನೆಯಲ್ಲಿ ತುಳು ಮಾತಾಡುವ ಮಗು ತರಗತಿಯಲ್ಲಿ ಮಾವಿಗೆ ‘ಕುಕ್ಕು’ ಎಂದುಬಿಟ್ಟರೆ ಉಳಿದವರು ನಗುತ್ತಾರೆ. ಆ ಮಗು ತಲೆತಗ್ಗಿಸಿ ಕುಳಿತುಕೊಳ್ಳುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಗತ್ತೇ ಕಲಿಯುವ ಇಂಗ್ಲಿಷ್ ಭಾಷೆ ನಮ್ಮ ತೀರದ ಜನರಿಂದ ಪದ ಪಡೆಯಲು ನಾಚಲಿಲ್ಲ. ಹಾಗಿರುವಾಗ ನಮ್ಮ ಮನೆಯ ಪದವನ್ನು ಆಡಲು ನಾವೇಕೆ ನಾಚಬೇಕು? ಇನ್ನೊಬ್ಬರ ಮನೆಯ ಪದ ಕೇಳಿ ನಗುವುದೇಕೆ?

ಇಂದು ಮನೆಗೆ ಹೋದಾಗ ಒಂದು ಕೆಲಸ ಮಾಡಿ. ಮಾವು, ಹಲಸು, ತೆಂಗು ಇವುಗಳಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ನಾಳೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ.