ಚಿಕ್ಕ ಪರದೆ, ಒಂದೇ ಪಡಸಾಲೆ

ಮನೆಗೆ ಕೊಂಡು ತರುವ ವಸ್ತುಗಳಲ್ಲಿ ಎರಡು ಬಗೆಯುಂಟು. ಕೆಲವು ತಮ್ಮ ಪಾಡಿಗೆ ತಾವು ಒಂದು ಮೂಲೆಯಲ್ಲಿದ್ದು ವಹಿಸಿದ ಕೆಲಸವನ್ನು ಮಾಡುತ್ತವೆ. ಬಟ್ಟೆಯ ಕಪಾಟು, ಅಡುಗೆಮನೆಯ ಮಿಕ್ಸರು ಈ ಬಗೆಯವು. ಇನ್ನು ಕೆಲವು ಮನೆಯ ಮಂದಿ ಎಲ್ಲಿ ಕೂಡಬೇಕು, ಯಾವ ಹೊತ್ತಿಗೆ ಉಣ್ಣಬೇಕು, ಯಾರು ಯಾರೊಡನೆ ಮಾತನಾಡಬೇಕು ಎಂಬುದನ್ನೂ ನಿರ್ಧರಿಸಿಬಿಡುತ್ತವೆ. ಟಿ.ವಿ. ಈ ಎರಡನೆಯ ಬಗೆಗೆ ಸೇರಿದ್ದು. ೧೯೮೭ರ ಜನವರಿಯಿಂದ ಭಾನುವಾರದ ಮುಂಜಾನೆ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ ಬರುತ್ತಿದ್ದಾಗ ಓಣಿಯವರೆಲ್ಲ ಟಿ.ವಿ. ಇದ್ದ ಮನೆಯಲ್ಲಿ ನೆರೆಯುತ್ತಿದ್ದುದನ್ನು ಕಂಡವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂದು ಓಣಿಗೊಂದು ಪರದೆಯಿತ್ತು. ಇಂದು ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಪರದೆಗಳಿವೆ. ಹೀಗಿರುವಾಗ ಇನ್ನೊಂದು ಪರದೆಯನ್ನು ಕೊಳ್ಳುವ ಮೊದಲು ನಾಲ್ಕು ದಿನ ಯೋಚಿಸುವುದು ಅಪವ್ಯಯವಲ್ಲವೆಂದು ನಾವು ತಿಳಿದಿದ್ದೇವೆ.

ಧಾರವಾಡದಲ್ಲಿರುವ ನಮ್ಮ ಮನೆ ಚಿಕ್ಕದು. ೧೨ ಅಡಿ ಉದ್ದ, ೧೦ ಅಡಿ ಅಗಲದ ಪಡಸಾಲೆ, ಎರಡು ಕೋಣೆ, ಅಡುಗೆಮನೆ. ಎಪ್ಪತ್ತೆಂಟು ವಯಸ್ಸಿನ ನಮ್ಮ ತಾಯಿಯವರು, ನಾವಿಬ್ಬರು ದಂಪತಿಗಳು, ಎಂಜಿನಿಯರಿಂಗ್ ಓದುತ್ತಿರುವ ಮಗ, ಇಷ್ಟೇ ಮಂದಿ. ಕಳೆದ ವರ್ಷ ಪಡಸಾಲೆಯ ಹಳೆಯ ಟಿ.ವಿ. ಕಪ್ಪಾಯಿತು. ರಿಪೇರಿಯವನು ನೋಡಿ, ಒಳಗಿನ ಪ್ಯಾನೆಲಿನ ಬೆಲೆಗೆ ಹೊಸದೇ ಬರುತ್ತದೆಂದ. ಅದೇ ಹೊತ್ತಿಗೆ ಮಗನ ಕಂಪ್ಯೂಟರಿನ ೧೭ ಇಂಚಿನ ಹಳೆಯ ಮಾನಿಟರೂ ಮಸುಕಾಗಿತ್ತು. ಅವನಿಗೆ ಓದಿನ ಜೊತೆಗೆ ಆಟಗಳನ್ನಾಡಲು ಒಳ್ಳೆಯ ಪರದೆ ಬೇಕು. ತಾಯಿಯವರಿಗೆ ಧಾರಾವಾಹಿ, ವಾರ್ತೆ, ಆಗಾಗ ಕ್ರಿಕೆಟ್ ಬೇಕು. ನಮ್ಮ ಕೈಯಲ್ಲಿದ್ದುದು ೧೫,೦೦೦ ರೂಪಾಯಿ.

ಹಣವೊಂದೇ ನಮ್ಮ ಚಿಂತೆಯಾಗಿರಲಿಲ್ಲ. ಮಗ ಕಾಲೇಜಿನಿಂದ ಬಂದು ಕೋಣೆಯ ಬಾಗಿಲು ಮುಚ್ಚಿದರೆ ಅದು ತೆರೆಯುತ್ತಿದ್ದುದು ಊಟದ ಹೊತ್ತಿಗೆ. ತಾಯಿಯವರು ಸಂಜೆಯುದ್ದಕ್ಕೂ ಪಡಸಾಲೆಯಲ್ಲಿ ಒಬ್ಬರೇ ಕುಳಿತಿರುತ್ತಿದ್ದರು. ಒಂದೇ ಸೂರಿನಡಿಯಲ್ಲಿದ್ದು ಅಜ್ಜಿ ಮೊಮ್ಮಗನ ನಡುವೆ ದಿನಕ್ಕೆ ಹತ್ತು ಮಾತೂ ಆಗುತ್ತಿರಲಿಲ್ಲ. ಎರಡು ಪರದೆಗಳನ್ನು ತಂದು ಎರಡು ಕಡೆ ಇಟ್ಟರೆ ಆ ಬಾಗಿಲನ್ನು ನಾವೇ ಶಾಶ್ವತವಾಗಿ ಮುಚ್ಚಿದಂತಾಗುತ್ತಿತ್ತು. ಆದುದರಿಂದ ಒಂದೇ ಪರದೆ, ಅದೂ ಪಡಸಾಲೆಯಲ್ಲಿ ಎಂದು ನಿಶ್ಚಯಿಸಿದೆವು. ಮಗ ಮೊದಲು ಒಪ್ಪಲಿಲ್ಲ. "ಆಯಿ ಧಾರಾವಾಹಿ ನೋಡೂಮುಂದ ನಾ ಹೆಂಗ ಆಡ್ಲಿ?" ಎಂದ. ಅವನ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಹುಡುಕುವುದೇ ನಮ್ಮ ಆಯ್ಕೆಯ ಕೆಲಸವಾಯಿತು.

ಆಟಕ್ಕೂ ಟಿ.ವಿ.ಗೂ ಒಂದೇ ಪರದೆಯೆಂಬುದು ಹೊಸ ವಿಚಾರವೇನಲ್ಲ. ೧೯೭೨ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಯಂತ್ರವು ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಆಟಗಳಲ್ಲಿ ಮೊದಲನೆಯದು. ರಾಲ್ಫ್ ಬೇಯರ್ ಎಂಬ ಎಂಜಿನಿಯರು ಅದರ ಮೂಲ ಮಾದರಿಯನ್ನು ರೂಪಿಸಿದ್ದರು. ಮನೆಯ ವಿಡಿಯೋ ಆಟ ಹುಟ್ಟಿದ್ದೇ ಮನೆಮಂದಿ ಕೂಡುವ ಕೋಣೆಯಲ್ಲಿ. ಮುಚ್ಚಿದ ಕೋಣೆಗೆ ಹೋದದ್ದು ಆಮೇಲೆ.

ಅಂಗಡಿಯಲ್ಲಿ ನಮಗೆ ಮೊದಲು ದೊರೆತ ಸಲಹೆ, ದೊಡ್ಡದನ್ನೇ ಕೊಳ್ಳಿರೆಂಬುದು. ೨೦೧೯ರ ಜನವರಿ ೧ರಿಂದ ೩೨ ಇಂಚಿನವರೆಗಿನ ಟಿ.ವಿ. ಮತ್ತು ಮಾನಿಟರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ ೨೮ರಿಂದ ೧೮ಕ್ಕೆ ಇಳಿದಿತ್ತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಅದಕ್ಕಿಂತ ದೊಡ್ಡವುಗಳಿಗೂ ೧೮ರ ದರವೇ ಬಂದಿದೆ. ಇದನ್ನೇ ಮುಂದಿಟ್ಟು ಅಂಗಡಿಯವರು ೪೩ ಇಂಚಿನ ಟಿ.ವಿ.ಯವರೆಗೂ ನಮ್ಮನ್ನು ಕರೆದೊಯ್ದರು. ನಾವು ಮನೆಯಿಂದ ಅಳತೆಯ ಟೇಪನ್ನು ಒಯ್ದಿದ್ದೆವು. ನಮ್ಮ ಪಡಸಾಲೆಗೆ ಯಾವುದು ತಕ್ಕದ್ದೆಂಬುದನ್ನು ಆ ಟೇಪೇ ಹೇಳಿತು.

ಪರದೆಯ ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ೨೪ ಇಂಚಿನ ಪರದೆಯ ಅಗಲ ಸುಮಾರು ೨೧ ಇಂಚು. ೩೨ ಇಂಚಿನದರ ಅಗಲ ಸುಮಾರು ೨೮ ಇಂಚು. ಆದರೆ ಕಣ್ಣಿಗೆ ಪರದೆ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದು ಅದರ ಅಳತೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ, ಕುಳಿತ ದೂರವೂ ಅದರಲ್ಲಿ ಸೇರಿದೆ. ಆರು ಅಡಿ ದೂರದಿಂದ ೩೨ ಇಂಚಿನ ಪರದೆ ಎಷ್ಟು ಕಾಣುತ್ತದೆಯೋ ನಾಲ್ಕೂವರೆ ಅಡಿಯಿಂದ ೨೪ ಇಂಚಿನದು ಅಷ್ಟೇ ಕಾಣುತ್ತದೆ. ಇದು ಶಾಲೆಯಲ್ಲಿ ಕಲಿತ ತ್ರೈರಾಶಿಯ ಲೆಕ್ಕ. ತಾಯಿಯವರ ಕುರ್ಚಿ ಹಳೆಯ ಟಿ.ವಿ.ಯಿಂದ ಆರು ಅಡಿ ದೂರದಲ್ಲಿತ್ತು. ಅದನ್ನು ಒಂದೂವರೆ ಅಡಿ ಮುಂದಕ್ಕೆ ಸರಿಸಿದರೆ ಎಂಟು ಇಂಚಿನ ಹೆಚ್ಚಿನ ಪರದೆಗೆ ಹಣ ತೆರುವ ಅಗತ್ಯ ಬೀಳುವುದಿಲ್ಲ. ಅಷ್ಟೇ ಅಲ್ಲ, ಕುರ್ಚಿ ಮುಂದೆ ಬಂದರೆ ಮೇಜಿನ ಬಳಿ ಕುಳಿತ ಮೊಮ್ಮಗನ ಹಿಂದೆಯೇ ಅಜ್ಜಿ ಇರುತ್ತಾರೆ.

ಎರಡನೆಯ ವಿಚಾರ ಪರದೆಯ ಮೇಲಿನ ಬಿಂದುಗಳದು. ೨೪ ಇಂಚಿನ ಸಾಮಾನ್ಯ ಮಾನಿಟರಿನಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦ ಲಕ್ಷಕ್ಕೂ ಮಿಕ್ಕಿ ಬಿಂದುಗಳಿರುತ್ತವೆ. ಅಗ್ಗದ ೩೨ ಇಂಚಿನ ಅನೇಕ ಟಿ.ವಿ.ಗಳಲ್ಲಿ ಇರುವುದು ೧೩೬೬ ಮತ್ತು ೭೬೮, ಅಂದರೆ ಹತ್ತೂವರೆ ಲಕ್ಷದಷ್ಟು. ಪರದೆ ದೊಡ್ಡದಾಗಿ ಬಿಂದುಗಳು ಅರ್ಧಕ್ಕಿಳಿದಾಗ ಒಂದೊಂದು ಬಿಂದುವೂ ದಪ್ಪನಾಗುತ್ತದೆ. ಆರು ಅಡಿ ದೂರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ಮೇಜಿನ ಮುಂದೆ ಎರಡು ಎರಡೂವರೆ ಅಡಿಯಲ್ಲಿ ಕುಳಿತು ಓದುವವನಿಗೂ ಆಡುವವನಿಗೂ ಅಕ್ಷರಗಳ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ೨೭ ಇಂಚಿನಲ್ಲಿ ೨೫೬೦ ಮತ್ತು ೧೪೪೦ ಬಿಂದುಗಳ ಮಾನಿಟರುಗಳೂ ಇವೆ. ಚಿತ್ರ ಸೊಗಸಾಗಿರುತ್ತದೆ, ನಿಜ. ಆದರೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಪ್ರತಿಸಲವೂ ಮುಕ್ಕಾಲು ಪಾಲಿಗಿಂತ ಹೆಚ್ಚು ಅಧಿಕ ಬಿಂದುಗಳನ್ನು ಬಿಡಿಸಬೇಕಾಗುತ್ತದೆ. ಮಗನ ಕಂಪ್ಯೂಟರಿಗೆ ಆ ಶಕ್ತಿಯಿಲ್ಲವೆಂದು ಅವನೇ ಹೇಳಿದ.

ಮೂರನೆಯದು ನಮ್ಮಂಥ ಮನೆಗಳಿಗೆ ಬಹು ಮುಖ್ಯವಾದುದು. ನಮ್ಮಲ್ಲಿ ಒಬ್ಬರು ಕುರ್ಚಿಯ ಮೇಲೆ, ಒಬ್ಬರು ಮಂಚದ ಮೇಲೆ, ಇನ್ನೊಬ್ಬರು ಚಾಪೆಯ ಮೇಲೆ ಕುಳಿತು ನೋಡುವುದು ವಾಡಿಕೆ. ಮಾನಿಟರಿನ ಪ್ಯಾನೆಲುಗಳಲ್ಲಿ ಟಿ.ಎನ್., ವಿ.ಎ., ಐ.ಪಿ.ಎಸ್. ಎಂದು ಮುಖ್ಯವಾಗಿ ಮೂರು ಜಾತಿಗಳಿವೆ. ಟಿ.ಎನ್. ಪರದೆಯನ್ನು ಕೆಳಗಿನಿಂದ ನೋಡಿದರೆ ಚಿತ್ರ ಕಪ್ಪಾಗಿ ಬಣ್ಣಗಳು ತಿರುಗುಮುರುಗಾಗುತ್ತವೆ. ಚಾಪೆಯ ಮೇಲೆ ಕೂಡುವವರಿಗೆ ಅದು ಪ್ರಯೋಜನವಿಲ್ಲ. ವಿ.ಎ. ಪರದೆಯಲ್ಲಿ ಕಪ್ಪು ಬಣ್ಣ ಗಾಢವಾಗಿರುತ್ತದೆ, ಕತ್ತಲಲ್ಲಿ ಸಿನಿಮಾ ನೋಡಲು ಚೆನ್ನ. ಆದರೆ ಬದಿಯಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ. ಐ.ಪಿ.ಎಸ್. ಪರದೆಯಲ್ಲಿ ಕಪ್ಪು ಅಷ್ಟು ಗಾಢವಲ್ಲದಿದ್ದರೂ ಎತ್ತಲಿಂದ ನೋಡಿದರೂ ಬಣ್ಣ ಹೆಚ್ಚು ಕೆಡುವುದಿಲ್ಲ. ನಮ್ಮ ಮನೆಯವರು ಅಂಗಡಿಯ ನೆಲದ ಮೇಲೆ ಕುಳಿತೇ ಪರದೆಗಳನ್ನು ನೋಡಿದರು. ಅಂಗಡಿಯ ಹುಡುಗರು ನಕ್ಕರು. ನಗಲಿ, ಮನೆಯಲ್ಲಿ ಹೇಗೆ ನೋಡುತ್ತೇವೆಯೋ ಹಾಗೆಯೇ ಅಂಗಡಿಯಲ್ಲಿ ನೋಡಬೇಕಲ್ಲವೆ?

ನಾಲ್ಕನೆಯದು ವೇಗ. ಸಾಮಾನ್ಯ ಪರದೆ ಸೆಕೆಂಡಿಗೆ ೬೦ ಸಲ ಚಿತ್ರವನ್ನು ಹೊಸದಾಗಿಸುತ್ತದೆ. ಆಟಕ್ಕೆಂದು ಮಾಡಿದವು ೧೪೪ ಸಲ ಅಥವಾ ಅದಕ್ಕೂ ಹೆಚ್ಚು. ಮೊದಲನೆಯದರಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ಸುಮಾರು ೧೭ ಮಿಲಿಸೆಕೆಂಡುಗಳ ಅಂತರ, ಎರಡನೆಯದರಲ್ಲಿ ೭. ಓಡುವ ಚೆಂಡನ್ನೂ ವಾಹನವನ್ನೂ ಹಿಂಬಾಲಿಸುವ ಆಟಗಳಲ್ಲಿ ಈ ಅಂತರ ಕಣ್ಣಿಗೂ ಕೈಗೂ ತಿಳಿಯುತ್ತದೆ. ಟಿ.ವಿ. ನೋಡುವವರಿಗೆ ಇದರಿಂದ ವಿಶೇಷ ಲಾಭವಿಲ್ಲ; ಏಕೆಂದರೆ ಚಲನಚಿತ್ರಕ್ಕೆ ಸೆಕೆಂಡಿಗೆ ೨೪ ಚಿತ್ರಗಳು, ನಮ್ಮ ಟಿ.ವಿ. ಪ್ರಸಾರಕ್ಕೆ ೨೫ ಪೂರ್ಣ ಚಿತ್ರಗಳು ಸಾಕು. ಟಿ.ವಿ. ಯಂತ್ರಗಳು ಚಿತ್ರವನ್ನು ಅಂದಗೊಳಿಸಲು ಒಳಗೊಳಗೇ ಸಮಯ ತೆಗೆದುಕೊಳ್ಳುವುದರಿಂದ ಆಡುವವನು ಒತ್ತಿದ ಗುಂಡಿಯ ಫಲ ಪರದೆಯ ಮೇಲೆ ತಡವಾಗಿ ಕಾಣುವುದೂ ಉಂಟು. ಮಾನಿಟರಿನಲ್ಲಿ ಈ ತೊಂದರೆ ಕಡಿಮೆ. ದೊಡ್ಡದು ಬೇಡವೆಂದು ಉಳಿಸಿದ ಹಣವನ್ನು ಈ ವೇಗಕ್ಕೆ ಕೊಡಲು ನಾವು ಒಪ್ಪಿದೆವು. ಪಡಸಾಲೆಗೆ ಬರಲು ಮಗ ಒಪ್ಪಿದ್ದಕ್ಕೆ ನಮ್ಮ ಕಡೆಯಿಂದಲೂ ಒಂದು ಒಪ್ಪಿಗೆ ಬೇಕಾಗಿತ್ತು.

ಮಾನಿಟರನ್ನು ಟಿ.ವಿ.ಯಾಗಿ ಬಳಸಬಯಸುವವರು ಕೊಳ್ಳುವ ಮೊದಲೇ ತಿಳಿಯಬೇಕಾದ ಕೆಲವು ಕೊರತೆಗಳಿವೆ. ಮಾನಿಟರಿಗೆ ಕೇಬಲ್ ತಂತಿಯನ್ನಾಗಲಿ ಡಿಶ್ ತಂತಿಯನ್ನಾಗಲಿ ನೇರವಾಗಿ ಜೋಡಿಸಲು ಬರುವುದಿಲ್ಲ. ಸೆಟ್‌ಟಾಪ್ ಬಾಕ್ಸಿನ ಎಚ್.ಡಿ.ಎಂ.ಐ. ತಂತಿಯಿಂದಲೇ ಚಿತ್ರ ಬರಬೇಕು. ಹಳದಿ, ಕೆಂಪು, ಬಿಳಿ ಪಿನ್ನುಗಳು ಮಾತ್ರವಿರುವ ಹಳೆಯ ಬಾಕ್ಸು ಹೊಸ ಮಾನಿಟರಿಗೆ ಹೊಂದುವುದಿಲ್ಲ. ಬಾಕ್ಸಿಗೊಂದು, ಕಂಪ್ಯೂಟರಿಗೊಂದು ಎಂದು ಎರಡು ಕಿಂಡಿಗಳಿದ್ದರೆ ದಿನವೂ ತಂತಿ ಕಿತ್ತು ಹಾಕುವ ಗೋಜಿಲ್ಲ. ಅನೇಕ ಮಾನಿಟರುಗಳಲ್ಲಿ ಸ್ಪೀಕರು ಇರುವುದೇ ಇಲ್ಲ, ಇದ್ದರೂ ಧ್ವನಿ ಕ್ಷೀಣ. ಆದುದರಿಂದ ಇಯರ್‌ಫೋನ್ ಸಿಕ್ಕಿಸುವ ಕಿಂಡಿಯಿದೆಯೇ ಎಂದು ನೋಡಿ, ಅದಕ್ಕೆ ಎರಡು ಚಿಕ್ಕ ಸ್ಪೀಕರುಗಳನ್ನು ಬೇರೆಯಾಗಿ ಕೊಂಡೆವು.

ಕೊನೆಯ ಪರೀಕ್ಷೆ ತಾಯಿಯವರದು. ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಅಂಗಡಿಯಲ್ಲಿ ನಾಲ್ಕೂವರೆ ಅಡಿ ಅಳೆದು ಕುರ್ಚಿ ಹಾಕಿಸಿ, ೨೪ ಇಂಚಿನ ಐ.ಪಿ.ಎಸ್. ಮಾನಿಟರಿನಲ್ಲಿ ಕನ್ನಡ ವಾರ್ತೆ ಹಚ್ಚಿಸಿ, ಕೆಳಗೆ ಓಡುವ ಸಾಲನ್ನು ಓದಿರೆಂದೆವು. ಅವರು ತಡವರಿಸದೆ ಓದಿ, ಮೊಮ್ಮಗನ ಕಡೆ ತಿರುಗಿ, "ಇದು ಸಾಕು ತಮ್ಮಾ, ದೊಡ್ಡದು ಯಾತಕ್ಕ?" ಎಂದರು. ಸ್ಪೀಕರುಗಳೂ ಸೇರಿ ನಮ್ಮ ಮಿತಿಯೊಳಗೇ ವ್ಯವಹಾರ ಮುಗಿಯಿತು.

ಪರದೆ ಬಂದ ಮೇಲೆ ಹೊತ್ತಿನ ಹಂಚಿಕೆಯಾಗಬೇಕಾಯಿತು. ಸಂಜೆ ಏಳರಿಂದ ಒಂಬತ್ತರವರೆಗೆ ತಾಯಿಯವರ ಹೊತ್ತು. ಊಟದ ನಂತರ ಒಂದು ತಾಸು ಮಗನ ಆಟ. ಪರೀಕ್ಷೆಯ ದಿನಗಳಲ್ಲಿ ಅದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಪಡಸಾಲೆಯ ಬಾಗಿಲಿನಾಚೆಗಿನ ಬೇವಿನ ಮರ ಅದಕ್ಕೆ ಒದಗಿಬಂದಿದೆ.

ಆಟದ ಬಗ್ಗೆ ತಂದೆತಾಯಿಗಳಲ್ಲಿರುವ ಭಯ ಆಧಾರವಿಲ್ಲದ್ದಲ್ಲ. ೨೦೨೨ರ ಜನವರಿ ೧ರಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಆಟದ ಗೀಳೂ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಬಿಡದಿರುವುದು ಅದರ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥವರಿಗಾಗಿ ೨೦೧೪ರಲ್ಲಿಯೇ ಶಟ್ ಕ್ಲಿನಿಕ್ ಎಂಬ ಚಿಕಿತ್ಸಾ ವಿಭಾಗವನ್ನು ತೆರೆದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ೨೦೨೫ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿತು. ಆದರೆ ಮಗ ಏನು ಆಡುತ್ತಾನೆ, ಎಷ್ಟು ಹೊತ್ತು ಆಡುತ್ತಾನೆ, ಸೋತಾಗ ಅವನ ಮುಖ ಹೇಗಿರುತ್ತದೆ ಎಂಬುದನ್ನು ಕಾನೂನು ನೋಡಲಾರದು. ಅದನ್ನು ಮನೆಯವರೇ ನೋಡಬೇಕು. ಕದ್ದು ನೋಡುವುದಲ್ಲ, ಬಾಗಿಲಿಗೆ ಕಿವಿಗೊಡುವುದೂ ಅಲ್ಲ. ಎಲ್ಲರೂ ಕುಳಿತಿರುವಲ್ಲಿ ಸಹಜವಾಗಿ ಕಣ್ಣಿಗೆ ಬೀಳುವಂತಿರಬೇಕು.

ಮೊದಲ ವಾರ ಮಗ ಮುಖ ಗಂಟಿಕ್ಕಿಕೊಂಡೇ ಆಡಿದ. ಎರಡನೆಯ ವಾರ ತಾಯಿಯವರು ಅವನ ಫುಟ್ಬಾಲ್ ಆಟವನ್ನು ನಿಜವಾದ ಪಂದ್ಯವೆಂದೇ ತಿಳಿದು, ಕೆಂಪು ಅಂಗಿಯವರು ಯಾವ ಊರಿನವರೆಂದು ಕೇಳಿದರು. ಆಟವನ್ನು ನಿಲ್ಲಿಸಿ ಅವನು ವಿವರಿಸಿದ. ಈಗ ಅವರು ಕೆಂಪು ಅಂಗಿಯವರ ಪಕ್ಷ. ಮೊಮ್ಮಗ ಸೋತ ದಿನ ಅವನಿಗಿಂತ ಹೆಚ್ಚು ನೊಂದುಕೊಳ್ಳುವವರೂ ಅವರೇ. ಅವನೂ ಧಾರಾವಾಹಿಯ ಅತ್ತೆ ಸೊಸೆಯರ ಹೆಸರುಗಳನ್ನು ಕಲಿತಿದ್ದಾನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆಡಬೇಕೆಂಬ ಆಸೆ ಅವನಲ್ಲಿ ಇನ್ನೂ ಉಂಟು. ಅದರ ಬಗ್ಗೆ ಒಮ್ಮೊಮ್ಮೆ ಮಾತಿಗೆ ಮಾತು ಬೆಳೆಯುವುದೂ ಉಂಟು. ಆದರೆ ಆ ಮಾತು ಪಡಸಾಲೆಯಲ್ಲಿ, ಎಲ್ಲರೆದುರಿಗೆ ನಡೆಯುತ್ತದೆ.

ಓದುಗ ಬಂಧುಗಳಲ್ಲಿ ಅನೇಕರು ಮುಂದಿನ ಹಬ್ಬಕ್ಕೆ ಇಂಥದೇ ವಸ್ತುವನ್ನು ಕೊಳ್ಳುವ ವಿಚಾರದಲ್ಲಿರಬಹುದು. ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಮನೆಯನ್ನು ಅಳೆಯಿರಿ. ಯಾರು ಎಲ್ಲಿ ಕೂಡುತ್ತಾರೆ, ಯಾರ ಕಣ್ಣು ಹೇಗಿದೆ, ಚಾಪೆಯ ಮೇಲೆ ಕೂಡುವವರು ಯಾರು ಎಂಬುದನ್ನು ಬರೆದುಕೊಳ್ಳಿರಿ. ಮನೆಯ ಹಿರಿಯರನ್ನೂ ಆಡುವ ಮಕ್ಕಳನ್ನೂ ಒಟ್ಟಿಗೇ ಅಂಗಡಿಗೆ ಕರೆದೊಯ್ಯಿರಿ. ಆ ಬಳಿಕ ಇಂಚಿನ ಮಾತು. ಕುರ್ಚಿಯನ್ನು ಒಂದೂವರೆ ಅಡಿ ಮುಂದೆ ಸರಿಸಲು ಖರ್ಚಿಲ್ಲ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.