ಕೊಡ ಹೋಯಿತು, ಕೊಂಬೂ ಹೋಯಿತು

ನಾಗಮಂಗಲ ಸೀಮೆಯ ಲೋಹದ ಕೆಲಸವೆಂದರೆ ಎಲ್ಲರೂ ಉತ್ಸವಮೂರ್ತಿ, ಪ್ರಭಾವಳಿಗಳ ಮಾತಾಡುತ್ತಾರೆ. ನನಗೆ ನೆನಪಾಗುವುದು ನಮ್ಮೂರ ಆಚಾರ್ರು ಮಾಡುತ್ತಿದ್ದ ಹಿತ್ತಾಳೆ ಕೊಂಬು. ಅವರು ಹೊಟ್ಟೆ ಹೊರೆಯುತ್ತಿದ್ದುದು ಕೊಡ, ಕೊಳಗ, ತಂಬಿಗೆಗಳಿಗೆ ತೇಪೆ ಹಾಕಿ. ಜಾತ್ರೆಗಳು ಹತ್ತಿರವಾದಾಗ ಮಾತ್ರ ಕುಲುಮೆಯ ಗೋಡೆಗೆ ಕೊಂಬುಗಳು ಒರಗುತ್ತಿದ್ದವು.

ಮೂರ್ತಿ ಎರಕದ ಕೆಲಸ, ಕೊಂಬು ತಗಡಿನ ಕೆಲಸ. ಒಂದು ತುದಿ ಕಿರಿದು, ಇನ್ನೊಂದು ಅಗಲ ಬರುವಂತೆ ತಗಡನ್ನು ಕತ್ತರಿಸಿ, ಕಬ್ಬಿಣದ ಸರಳಿನ ಮೇಲೆ ಸುತ್ತಿ ಬಡಿದು, ಅಂಚು ಕೂಡಿಸಿ ಬೆಸೆಯಬೇಕು. ಬೆಸುಗೆಗೂ ಹಿತ್ತಾಳೆಯೇ, ಆದರೆ ಸತು ಹೆಚ್ಚಿರುವುದು. ತಗಡಿಗಿಂತ ಮೊದಲು ಕರಗುತ್ತದೆ. ಅದರ ಪುಡಿಗೆ ಬಿಳಿಗಾರ ಬೆರೆಸಿ ಅಂಚಿನುದ್ದಕ್ಕೂ ಹಚ್ಚಿ ಕೆಂಡಕ್ಕೆ ಹಿಡಿಯುತ್ತಿದ್ದರು. ಬೆಸುಗೆ ಕರಗಿ ಹರಿದ ಕೂಡಲೇ ಹೊರಗೆ ತೆಗೆಯಬೇಕು, ತಡವಾದರೆ ತಗಡೇ ಕುಸಿಯುತ್ತದೆ. ತಿದಿ ಒತ್ತುತ್ತಿದ್ದ ಹುಡುಗರು ನಾವು “ಬಿಡ್ರೋ” ಎಂಬ ಅವರ ಕೂಗಿಗೇ ಕಿವಿಗೊಟ್ಟು ಕೂತಿರುತ್ತಿದ್ದೆವು.

ಬಾಗಿಸುವುದು ಇನ್ನೂ ನಾಜೂಕು. ಕೊಳವೆಯೊಳಗೆ ಕಾದ ರಾಳ ಹೊಯ್ದು, ಅದು ಗಟ್ಟಿಯಾದ ಮೇಲೆ ನಿಧಾನವಾಗಿ ಬಗ್ಗಿಸುತ್ತಿದ್ದರು. ಬರಿಗೊಳವೆ ಬಗ್ಗಿಸಿದರೆ ತಗಡು ಮಡಿಚಿ ಗಾಳಿಯ ದಾರಿ ಮುಚ್ಚುತ್ತದೆ. ಬಡಿದಷ್ಟೂ ಹಿತ್ತಾಳೆ ಬಿರುಸಾಗುವುದರಿಂದ ಮತ್ತೆ ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕಿತ್ತು. ಎರಡು ಭಾಗಗಳನ್ನು ಒಂದೇ ಕಡೆಗೆ ಬಾಗುವಂತೆ ಸೇರಿಸಿದರೆ ಅರ್ಧಚಂದ್ರ, ಒಂದನ್ನು ತಿರುವಿ ಸೇರಿಸಿದರೆ ಹಾವಿನ ಬಳುಕು.

ಕೊಂಬಿಗೆ ಬೆರಳಿಡುವ ತೂತುಗಳಿಲ್ಲ. ತುಟಿಯ ಬಿಗಿಯಿಂದ, ಉಸಿರಿನ ಒತ್ತಡದಿಂದಲೇ ಸ್ವರ ಬದಲಿಸಬೇಕು. ಕೂಡಿಕೆಯಲ್ಲಿ ಗಾಳಿ ಸೋರಿದರೆ ಮೇಲಿನ ಸ್ವರ ಏಳದು. ಹಾಗಾಗಿ ಊದುವವರನ್ನು ಕರೆಸದೆ ಆಚಾರ್ರು ಕೊಂಬು ಒಪ್ಪಿಸುತ್ತಿರಲಿಲ್ಲ. ಅವರು ಬೀದಿಯಲ್ಲಿ ನಿಂತು ಊದಬೇಕು, ಆಚಾರ್ರು ಜಗಲಿಯ ಮೇಲೆ ಕೂತು ಕೇಳಬೇಕು. “ಇನ್ನೊಂದ್ಸಲ ಊದಪ್ಪ” ಎನ್ನುವರು, ಕೊಂಬು ಒಳಗೆ ಹೋಗುವುದು, ತಿದ್ದಿಸಿಕೊಂಡು ಬರುವುದು. ಇಬ್ಬರ ಕಿವಿಯೂ ಕೂಡಿ ಹುಟ್ಟಿಸಿದ ನಾದವದು. ಆದರೂ ಅವರಿಬ್ಬರು ಒಂದೇ ಜಗಲಿಯಲ್ಲಿ ಕೂತದ್ದನ್ನು ನಾನು ನೋಡಲಿಲ್ಲ. ಆ ಕುಲುಮೆಯನ್ನು ಎಷ್ಟು ಪ್ರೀತಿಯಿಂದ ನೆನೆದರೂ ಈ ಸಂಕಟ ಹೋಗುವುದಿಲ್ಲ.

ಮೈಕು, ಬ್ಯಾಂಡ್‌ಸೆಟ್ಟು ಬಂದು ಕೊಂಬು ಹೋಯಿತು ಅನ್ನುವವರಿದ್ದಾರೆ. ನಾನು ಕಂಡದ್ದು ಬೇರೆ. ಜಾತ್ರೆ ನಿಲ್ಲಲಿಲ್ಲ, ದೇವರ ಮುಂದೆ ಊದುವುದೂ ನಿಲ್ಲಲಿಲ್ಲ. ಮೊದಲು ಹೋದದ್ದು ಹಿತ್ತಾಳೆ ಕೊಡ. ಸ್ಟೀಲು, ಪ್ಲಾಸ್ಟಿಕ್ಕು ಮನೆಮನೆಗೆ ಬಂದವು, ತೇಪೆಯ ಕೆಲಸ ನಿಂತಿತು. ಜಾತ್ರೆಗೆ ಬಿಕರಿಯಾಗುವ ನಾಲ್ಕಾರು ಕೊಂಬನ್ನು ನಂಬಿ ಕುಲುಮೆಯ ಬೆಂಕಿ ಉರಿಯುತ್ತದೆಯೇ? ಆಚಾರ್ರ ಮಕ್ಕಳು ಬೆಂಗಳೂರಿಗೆ ಗೇಟು, ಗ್ರಿಲ್ಲಿನ ಕೆಲಸಕ್ಕೆ ಹೋದರು. ಸೋರುವ ಕೊಂಬಿಗೆ ಜನ ಬಟ್ಟೆ ಸುತ್ತಿದರು, ಎಂ-ಸೀಲ್ ಮೆತ್ತಿದರು, ಆಮೇಲೆ ಗುಜರಿಗೆ ತೂಕಕ್ಕೆ ಹಾಕಿದರು. ಹೊಸದನ್ನು ಮಾಡುವಾಗ ಆಚಾರ್ರು ಅಳತೆಗೆ ಇಟ್ಟುಕೊಳ್ಳುತ್ತಿದ್ದುದು ಹಳೆಯ ಕೊಂಬನ್ನೇ. ಗುಜರಿಯಲ್ಲಿ ಆ ಅಳತೆಯೂ ಕರಗಿತು.

1979ರಲ್ಲಿ ಜಾನಪದ ಪರಿಷತ್ತು ಸ್ಥಾಪಿಸಿದ, ಮುಂದೆ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ತಾಲ್ಲೂಕಿನವರೇ. ಹಳ್ಳಿಯ ವಾದ್ಯ, ಪಾತ್ರೆ ಪಡಗಗಳನ್ನು ಅವರು ಕೂಡಿಡಿಸಿದ್ದು ದೊಡ್ಡ ಕೆಲಸ. ಆದರೆ ಜಾತ್ರೆಯಲ್ಲಿ ಊದುವವನಿಗೆ ಕೈಯಲ್ಲೊಂದು ಕೊಂಬು ಬೇಕಲ್ಲ.

ಈಚೆಗೆ ನಮ್ಮೂರ ಜಾತ್ರೆಯಲ್ಲಿ ಊದುತ್ತಿದ್ದ ಹುಡುಗನ ಕೈಯಲ್ಲಿದ್ದುದು ಅಂಗಡಿಯಿಂದ ತಂದ ತೆಳು ತಗಡಿನದು, ಹೊಳಪೇನೋ ಚೆನ್ನಾಗಿತ್ತು. “ಕೆಳಗಿಂದು ಬತ್ತದೆ ಅಣ್ಣ, ಮೇಲಿಂದಕ್ಕೆ ಎಷ್ಟು ಊದಿದ್ರೂ ಸಾಲದು” ಅಂದ. ಆಚಾರ್ರ ಕಿರಿಯ ಮಗನಿಗೆ ಫೋನು ಮಾಡಿಕೊಟ್ಟೆ. “ಬೆಸುಗೆ, ಬಗ್ಗಿಸೋದು ಎಲ್ಲಾ ಕೈಯಲ್ಲಿದೆ. ಅಳತೆಗೆ ಅಪ್ಪ ಮಾಡಿದ್ದು ಒಂದು ಹುಡುಕಿಕೊಡಿ, ಮಾಡಿಕೊಡ್ತೀನಿ” ಎಂದ. ಸುತ್ತಲ ಹಳ್ಳಿಗಳ ಗುಡಿಗಳಲ್ಲಿ, ಅಟ್ಟಗಳಲ್ಲಿ ನಾವಿಬ್ಬರೂ ಹುಡುಕುತ್ತಿದ್ದೇವೆ.