ಹಳೇ ಬ್ಯಾಂಡಿನ ಗುಡ್‌ವಿಲ್ ಎಷ್ಟು?

2025ರ ಮೇ 17ರ ಶನಿವಾರ ರಾತ್ರಿ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಗನ್ಸ್ ಎನ್ ರೋಸಸ್ ಎಂಬ ಅಮೆರಿಕದ ರಾಕ್ ಬ್ಯಾಂಡ್ ಹಾಡಿತು. ಮಾರನೇ ದಿನ ಶಿರಾದ ನಮ್ಮ ಮನೆಯಲ್ಲಿ ಜಗಳವಾಯಿತು. ಊಟ ಮುಗಿದು ಕೈ ಒಣಗಿದರೂ ಮಾಮು ಮತ್ತು ನಮ್ಮ ಭಾಯ್ (ದೊಡ್ಡಪ್ಪನ ಮಗ) ದಸ್ತರ್‌ಖಾನ್ ಬಿಟ್ಟು ಏಳಲಿಲ್ಲ. ಇಬ್ಬರ ಮೊಬೈಲಿನಲ್ಲೂ ಅದೇ ಕಾರ್ಯಕ್ರಮದ ತುಣುಕುಗಳು. ಒಬ್ಬರಿಗೆ ಅದು ಚಿನ್ನ, ಇನ್ನೊಬ್ಬರಿಗೆ ತಗಡು. ಅಮ್ಮಿ ಪ್ಲೇಟು ಎತ್ತುತ್ತಾ, "ಯಾವ ಊರಿನ ಹಾಡೋ, ನಿಮಗ್ಯಾಕೆ ಬೇಕು?" ಎಂದರು.

ಮಾಮುಗೆ ಯಾಕೆ ಬೇಕು ಎಂದರೆ, 2012ರಲ್ಲಿ ಅವರು ಬೆಂಗಳೂರಿನಲ್ಲಿ ಮೊಬೈಲ್ ರಿಪೇರಿ ಕಲಿಯುತ್ತಿದ್ದರು. ಆಗಿನ ಬೆಂಗಳೂರು ರಾಕ್ ಸಂಗೀತದ ಊರು. ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಅಲ್ಲಿ ಹಾಡಿ ಹೋಗಿದ್ದರು. ಗನ್ಸ್ ಎನ್ ರೋಸಸ್ ಭಾರತದಲ್ಲಿ ಮೊದಲ ಸಲ ವೇದಿಕೆ ಹತ್ತಿದ್ದೂ ಬೆಂಗಳೂರಿನಲ್ಲೇ, 2012ರ ಡಿಸೆಂಬರ್ 7ರಂದು. ಮಾಮು ಎರಡು ತಿಂಗಳು ಕೂಡಿಟ್ಟ ದುಡ್ಡಲ್ಲಿ ಟಿಕೆಟ್ ತೆಗೆದಿದ್ದರು. ಆದರೆ ಇವತ್ತಿಗೂ ಅದನ್ನು ನೆನೆಸಿಕೊಂಡರೆ ಅವರ ಮುಖ ಅರ್ಧ ಮಾತ್ರ ಅರಳುತ್ತದೆ.

ಕಾರಣ ಇಷ್ಟು. 1987ರಲ್ಲಿ ಈ ಬ್ಯಾಂಡಿಗೆ ಹೆಸರು ತಂದ ಮೊದಲ ಆಲ್ಬಂ ಮಾಡಿದವರು ಐದು ಜನ. ಹಾಡುವ ಆಕ್ಸಲ್ ರೋಸ್, ಗಿಟಾರಿನ ಸ್ಲ್ಯಾಶ್ ಮತ್ತು ಇಜ್ಜಿ, ಬೇಸ್ ಗಿಟಾರಿನ ಡಫ್, ಡ್ರಮ್ಸ್‌ನ ಸ್ಟೀವನ್. 1990ರಲ್ಲಿ ಸ್ಟೀವನ್‌ನನ್ನು ತೆಗೆದರು, 1991ರಲ್ಲಿ ಇಜ್ಜಿ ಬಿಟ್ಟ, 1996ರಲ್ಲಿ ಸ್ಲ್ಯಾಶ್, 1997ರಲ್ಲಿ ಡಫ್. ಹೆಸರು ಮಾತ್ರ ಆಕ್ಸಲ್ ಬಳಿ ಉಳಿಯಿತು. ಬೆಂಗಳೂರಿಗೆ ಬಂದಾಗ ಆ ಐವರಲ್ಲಿ ಇದ್ದವನು ಒಬ್ಬನೇ. ಸ್ಲ್ಯಾಶ್ ಮತ್ತು ಡಫ್ ವಾಪಸ್ ಸೇರಿದ್ದು 2016ರಲ್ಲಿ. ಅಂದರೆ ಮುಂಬೈಗೆ ಬಂದದ್ದು ಐವರಲ್ಲಿ ಮೂವರು.

"ಈಗ ಬಂದಿದೆ ನೋಡು ನಿಜವಾದ ಬ್ಯಾಂಡ್" ಎಂದರು ಮಾಮು.

"ಬಂದು ಏನು ಮಾಡಿತು ಮಾಮು? ಹಾಡೋನಿಗೆ ಅರವತ್ಮೂರು ವರ್ಷ. ದನಿ ಕೇಳಿ, ಮಿಕ್ಕಿ ಮೌಸ್ ಹಾಡಿದಂಗಿದೆ" ಎಂದ ಭಾಯ್.

ಮಿಕ್ಕಿ ಮೌಸ್ ಎನ್ನುವುದು ಭಾಯ್ ಸ್ವಂತ ಬೈಗುಳವಲ್ಲ. ಲೋಕದ ಎಲ್ಲಾ ಕಡೆ ಈ ಬ್ಯಾಂಡಿನ ಅಭಿಮಾನಿಗಳೇ ಹಾಗೆ ಹೇಳಿಕೊಂಡು ಕಿತ್ತಾಡುತ್ತಾರೆ. ಮೇಲಿನ ಸ್ವರಕ್ಕೆ ಹೋದಾಗ ದನಿ ತೆಳ್ಳಗಾಗುತ್ತದೆ, ಇಪ್ಪತ್ತೈದರ ಹುಡುಗನಾಗಿದ್ದಾಗ ಕಿರುಚಿದ ಹಾಡನ್ನು ಈಗಲೂ ಯಾಕೆ ಕಿರುಚಬೇಕು, ಮರ್ಯಾದೆಯಾಗಿ ನಿಲ್ಲಿಸಬಾರದೇ ಎನ್ನುವವರು ಒಂದು ಕಡೆ. ಬಾಯಿ ಆಡಿಸಿ ರೆಕಾರ್ಡ್ ಹಾಕುವ ಕಾಲದಲ್ಲಿ ಈ ವಯಸ್ಸಿನವನು ವೇದಿಕೆ ಮೇಲೆ ಮೂರು ಗಂಟೆ ಹಾಡುವುದೇನು ಸಣ್ಣ ಮಾತೇ ಎನ್ನುವವರು ಇನ್ನೊಂದು ಕಡೆ. ನನಗೆ ಅವತ್ತು ಭಾಯ್ ಮಾತೇ ಸರಿ ಅನ್ನಿಸಿತು. ನಾನು ಜೋರಾಗಿ ನಕ್ಕೆ ಕೂಡ.

ಆದರೆ ನನ್ನ ತಲೆ ಕೆಡಿಸಿದ್ದು ದನಿಯಲ್ಲ, ಲೆಕ್ಕ. ಜೂನ್‌ನಲ್ಲಿ ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ಪಾಲುದಾರಿಕೆ ಶುರುವಾಯಿತು. ಪಾಲುದಾರನೊಬ್ಬ ನಿವೃತ್ತನಾದರೆ ಗುಡ್‌ವಿಲ್‌ನಲ್ಲಿ ಅವನ ಪಾಲು ಕೊಡಬೇಕು, ಯಾಕೆಂದರೆ ಅಂಗಡಿಗೆ ಹೆಸರು ಬಂದದ್ದರಲ್ಲಿ ಅವನ ಬೆವರೂ ಇದೆ. ಹಾಗಾದರೆ 2012ರಲ್ಲಿ ಮಾಮು ಟಿಕೆಟ್‌ಗೆ ಕೊಟ್ಟ ದುಡ್ಡು ಯಾರ ಗುಡ್‌ವಿಲ್‌ಗೆ? ಅವತ್ತು ಸ್ಲ್ಯಾಶ್ ಜಾಗದಲ್ಲಿ ಗಿಟಾರ್ ನುಡಿಸಿದವರು ಕೈಲಾಗದವರೇನಲ್ಲ. ಮಾಮು ಪ್ರಕಾರ ಒಂದು ಸ್ವರವನ್ನೂ ತಪ್ಪಲಿಲ್ಲವಂತೆ. "ತಪ್ಪಲಿಲ್ಲ, ಅದೇ ತೊಂದರೆ. ಬೇರೆಯವರ ಕೋಟು ಹಾಕ್ಕೊಂಡಂಗಿತ್ತು" ಎನ್ನುತ್ತಾರೆ.

ಇಜ್ಜಿ 2016ರಲ್ಲಿ ಯಾಕೆ ಬರಲಿಲ್ಲ ಗೊತ್ತೇ? ಬಂದ ಹಣವನ್ನು ಸಮನಾಗಿ ಹಂಚಲು ಒಪ್ಪಲಿಲ್ಲ ಎಂದು ಅವನೇ ಹೇಳಿದ. ಒಪ್ಪಂದ ಇಲ್ಲದಿದ್ದರೆ ಲಾಭ ಸಮಪಾಲು ಎಂದು ನಮ್ಮ 1932ರ ಪಾಲುದಾರಿಕೆ ಕಾಯ್ದೆ ಹೇಳುತ್ತದೆ. ಇದು ಒಂದು ಅಂಕದ ಪ್ರಶ್ನೆ. ಅಲ್ಲಿ ಮಾತ್ರ ಅದು ಕೋಟಿಗಟ್ಟಲೆ ಡಾಲರಿನ ಪ್ರಶ್ನೆ. ಕ್ಲಾಸಿನಲ್ಲಿ ಈ ಉದಾಹರಣೆ ಕೊಟ್ಟಾಗ ಸರ್ ನಕ್ಕು, "ಪರೀಕ್ಷೆಯಲ್ಲಿ ಎ, ಬಿ, ಸಿ ಅಂತಲೇ ಬರಿ" ಎಂದರು.

ಇನ್ನು ನಮ್ಮ ದಾದಾ ವಿಷಯ.

ದಾದಾ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿಯೋನೆಟ್ ನುಡಿಸುತ್ತಿದ್ದವರು. ಒಂಬತ್ತು ಜನರ ಸೆಟ್. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲಾ ಕಡೆ ಮದುವೆ, ಜಾತ್ರೆ, ಗಣೇಶನ ಮೆರವಣಿಗೆ, ದರ್ಗಾದ ಸಂದಲ್. ಆಷಾಢದಲ್ಲಿ ಅವರ ಮದುವೆ ಇಲ್ಲ, ರಂಜಾನ್‌ನಲ್ಲಿ ನಮ್ಮ ಮದುವೆ ಇಲ್ಲ. ಎರಡು ಕಡೆಯ ಸೀಸನ್ನೂ ಗೊತ್ತಿದ್ದ ಮನೆ ನಮ್ಮದು. ಟೆಂಪೋ ಮೇಲೆ ಡಿಜೆ ಬಂದ ಮೇಲೆ ಸೆಟ್ ಚದುರಿತು. ಕ್ಲಾರಿಯೋನೆಟ್ ಪೆಟ್ಟಿಗೆ ಬೀರುವಿನ ಮೇಲೆ ಹೋಯಿತು.

ನವೆಂಬರಿನಲ್ಲಿ ನಮ್ಮ ಆಪಾ ಮದುವೆ. ಮಧುಗಿರಿಯಿಂದ ದುಲ್ಹಾ ಬರುವಾಗ ದಾದಾ ಹಳೇ ಸೆಟ್ ಹತ್ತು ನಿಮಿಷ ನುಡಿಸಲಿ ಎಂದು ಮಾಮು ಹಟ ಹಿಡಿದರು. ಮದುವೆಗೆ ಬ್ಯಾಂಡ್ ಬೇಡ ಎನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಆ ಚರ್ಚೆಗೆ ನಾನು ಚಿಕ್ಕವನು. ಶಾದಿ ಮಹಲ್‌ನಿಂದ ದೂರ, ನಿಕಾಹ್‌ಗೆ ಮುಂಚೆ ಮುಗಿಸುವುದೆಂದು ಅಬ್ಬಾ ಒಪ್ಪಿಸಿದರು. ಬೇಡ ಎಂದು ಕೊನೆಯವರೆಗೂ ಹೇಳಿದವನು ನಾನೊಬ್ಬನೇ. ಧರ್ಮದ ಕಾರಣಕ್ಕಲ್ಲ. ಕ್ಲಾಸಿನ ಹುಡುಗರು ಬರುತ್ತಿದ್ದರು, ನಾಚಿಕೆ. "ದಾದಾಗೆ ಮುಂದಿನ ಹಲ್ಲೇ ಇಲ್ಲ ಮಾಮು" ಎಂದೆ. ಬಾಗಿಲ ಆಚೆ ದಾದಾ ಚಪ್ಪಲಿ ಹುಡುಕುತ್ತಾ ನಿಂತಿದ್ದು ನನಗೆ ಕಾಣಿಸಿರಲಿಲ್ಲ.

ಕ್ಲಾರಿಯೋನೆಟ್‌ಗೆ ಮೇಲಿನ ಹಲ್ಲು ಬೇಕೇ ಬೇಕು. ಬಾಯಲ್ಲಿಡುವ ತುದಿಯನ್ನು ಅದೇ ಹಿಡಿಯುವುದು. ಕಟ್ಟಿಸಿದ ಹಲ್ಲಿನ ಸೆಟ್ ಊದಿದರೆ ಅಲುಗುತ್ತದೆ. ದಾದಾ ಮೂರು ವಾರ ಟೆರೇಸ್ ಮೇಲೆ ಅಭ್ಯಾಸ ಮಾಡಿದರು. ಮೇಲಿನ ಸ್ವರ ಬರಲಿಲ್ಲ. ಕೊನೆಗೆ ಹಾಡನ್ನೇ ಕೆಳಗಿಳಿಸಿದರು. (ಗನ್ಸ್ ಎನ್ ರೋಸಸ್‌ನವರು ಮೊದಲ ಆಲ್ಬಂನಿಂದಲೇ ಗಿಟಾರುಗಳನ್ನು ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿಕೊಳ್ಳುತ್ತಾರೆ. ಇದನ್ನು ದಾದಾಗೆ ಹೇಳಿದೆ. "ಜಾಣರು" ಎಂದರು.)

ಒಂಬತ್ತರಲ್ಲಿ ಬಂದವರು ನಾಲ್ವರು. ಪಾವಗಡದ ಸೈಡ್ ಡ್ರಮ್‌ನವರು ಬಸ್ ತಪ್ಪಿಸಿಕೊಂಡು ತಡವಾಗಿ ಬಂದರು. ದೊಡ್ಡ ಡ್ರಮ್ ಬಾರಿಸುತ್ತಿದ್ದ ಕೊರಟಗೆರೆಯವರು ತೀರಿಕೊಂಡು ನಾಲ್ಕು ವರ್ಷ. ಅವರ ಜಾಗಕ್ಕೆ ಬೇರೆ ಸೆಟ್‌ನಿಂದ ಒಬ್ಬ ಹುಡುಗ. ನುಡಿಸಿದ್ದು ಎರಡು ಹಾಡು. ಮೊದಲನೆಯದು ಹಳೇ ಹಿಂದಿ ಸಿನಿಮಾದ್ದು, ಪರವಾಗಿಲ್ಲ. ಎರಡನೆಯದು ರಾಜ್‌ಕುಮಾರ್ ಸಿನಿಮಾದ್ದು, ನಡುವೆ ನಿಂತೇ ಹೋಯಿತು. ನಾಲ್ಕು ಮುದುಕರು ಮುಖ ಮುಖ ನೋಡಿಕೊಂಡು ನಕ್ಕು ಮತ್ತೆ ಶುರು ಮಾಡಿದರು. ಮಧುಗಿರಿಯ ಬೀಗರಲ್ಲಿ ವಯಸ್ಸಾದವರು ಇವರನ್ನು ಗುರುತು ಹಿಡಿದು ಹತ್ತಿರ ಬಂದು ನಿಂತರು. ನನ್ನ ಕ್ಲಾಸಿನ ಹುಡುಗರು ನಗಲಿಲ್ಲ, ಅದೂ ಇದೂ ಅಲ್ಲದೆ ಮೊಬೈಲ್ ನೋಡುತ್ತಿದ್ದರು. ನಾನು ವಿಡಿಯೋ ಮಾಡುತ್ತಿದ್ದೆ. ನಡುವೆ ಹಾಡು ನಿಂತ ಕಡೆ ಕೈ ನಡುಗಿ ಚಿತ್ರ ಅಲುಗಿದೆ.

ರಾತ್ರಿ ದಾದಾ ಆ ವಿಡಿಯೋ ಮೂರು ಸಲ ನೋಡಿದರು. ತಮ್ಮ ಬಗ್ಗೆ ಒಂದು ಮಾತಿಲ್ಲ. "ದೊಡ್ಡ ಡ್ರಮ್ ಸರಿ ಇಲ್ಲ. ಹುಡುಗ ಲೆಕ್ಕ ಹಾಕಿ ಬಾರಿಸ್ತಾನೆ. ನಮ್ಮವನು ಹಾಡು ಕೇಳಿ ಬಾರಿಸ್ತಿದ್ದ" ಎಂದರು. ಮಾಮು ಆ ಕೋಟಿನ ಮಾತು ಹೇಳಿದ್ದು ಆಗ ನೆನಪಾಯಿತು.

ಬೀಗರು ಕೊಟ್ಟ ಇನಾಮು ಎಣಿಸಿದಾಗ 1,800 ರೂಪಾಯಿ. ದಾದಾ ಆರು ಪಾಲು ಮಾಡಿದರು. ನುಡಿಸಿದವರು ಐವರಲ್ಲವೇ ಎಂದೆ. "ಕೊರಟಗೆರೆದು?" ಎಂದು ನನ್ನನ್ನೇ ಕೇಳಿದರು. ಮೃತ ಪಾಲುದಾರನ ಲೆಕ್ಕ ನಮಗೆ ಆ ವಾರವಷ್ಟೇ ಮುಗಿದಿತ್ತು, ಆದರೆ ಸತ್ತು ನಾಲ್ಕು ವರ್ಷವಾದ ಮೇಲೆ ಬಂದ ಲಾಭಕ್ಕೆ ಪುಸ್ತಕದಲ್ಲಿ ಯಾವ ಎಂಟ್ರಿಯೂ ಇಲ್ಲ.

ಭಾನುವಾರ 300 ರೂಪಾಯಿ ಜೇಬಲ್ಲಿಟ್ಟುಕೊಂಡು ಮಧುಗಿರಿಯಲ್ಲಿ ಬಸ್ ಬದಲಾಯಿಸಿ ಕೊರಟಗೆರೆಗೆ ಹೋದೆ. ಅಜ್ಜಿ ದುಡ್ಡನ್ನು ದೇವರ ಫೋಟೋ ಮುಂದೆ ಇಟ್ಟು, ಕಾಫಿ ಕೊಟ್ಟು, ವಿಡಿಯೋ ತೋರಿಸು ಎಂದರು. ಕನ್ನಡಕ ಹಾಕಿಕೊಂಡು ಕೊನೆಯವರೆಗೂ ನೋಡಿದರು. ಹಾಡು ನಿಂತ ಕಡೆ ಬಾಯಿಗೆ ಸೆರಗು ಹಿಡಿದು ನಕ್ಕರು.

"ನಿಮ್ಮ ತಾತಂಗೆ ಉಸಿರು ಇನ್ನೂ ಐತೆ ಕಣಪ್ಪ" ಎಂದರು. ಆಮೇಲೆ ಡ್ರಮ್‌ನ ಹುಡುಗನ ಮೇಲೆ ಬೆರಳಿಟ್ಟು, "ಇವನು ಯಾರು? ಚೆನ್ನಾಗಿ ಬಾರಿಸ್ತಾನೆ. ನಮ್ಮನೆಯವರು ಒಂದು ದಿನಾನೂ ಇಷ್ಟು ನೆಟ್ಟಗೆ ಬಾರಿಸಲಿಲ್ಲ" ಎಂದರು.

ಇದನ್ನು ದಾದಾಗೆ ನಾನಿನ್ನೂ ಹೇಳಿಲ್ಲ.